ಸ್ನಾಯು ಒಡೆದು ಮೂತ್ರ ಕಪ್ಪಾದಾಗ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಹಲವು ಪತ್ರಗಳು ಒಂದೇ ಕಾಯಿಲೆಯ ಸುತ್ತ ಸುತ್ತಿವೆ. ಬರೆದವರಿಗೆ ಅದು ಒಂದೇ ಕಾಯಿಲೆ ಎಂಬುದು ಗೊತ್ತಿಲ್ಲದಿರಬಹುದು. ಅದರ ಹೆಸರು ರ‍್ಯಾಬ್ಡೊಮಯೊಲಿಸಿಸ್. ಕೈಕಾಲು, ತೊಡೆ, ಬೆನ್ನಿನ ಸ್ನಾಯು ದೊಡ್ಡ ಪ್ರಮಾಣದಲ್ಲಿ ಒಡೆದು ಅದರೊಳಗಿನದೆಲ್ಲ ರಕ್ತಕ್ಕೆ ಇಳಿಯುವ ಸ್ಥಿತಿ. ಒಬ್ಬ ಮೂತ್ರಪಿಂಡ ತಜ್ಞರು ಮತ್ತು ಒಬ್ಬ ತುರ್ತು ಚಿಕಿತ್ಸಾ ವೈದ್ಯರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಸಾಹೇಬ್ರಿಗೆ ಶರಣು. ನನ್ನ ಮಗಗ 21 ವರ್ಷ. ಪೊಲೀಸ್ ಭರ್ತಿಗಂತ ತಯಾರಿ ನಡಿಸ್ಯಾನ. ಗೆಳೆಯರ ಜೋಡಿ ಪಂದ್ಯ ಕಟ್ಟಿ ಒಂದೇ ದಿನ 400 ಬೈಠಕ್ ಹೊಡದಾನ. ಮರುದಿನ ತೊಡಿ ಬಿಗದು ಕುಂದ್ರಲಾಕ ಬರಲಿಲ್ಲ. ಮೂರನೇ ದಿನ ಮೂತ್ರ ಚಹಾದ ಡಿಕಾಕ್ಷನ್ ಹಂಗ ಬಂತು. ಊರಾಗ ಕಾಮಣಿ ಅಂದ್ರು, ಎಲಿ ಔಷಧ ಕೊಡಸಿದಿವಿ. ರಕ್ತ ತಪಾಸ ಮಾಡಿಸಿದ್ರ ಎಸ್‌ಜಿಒಟಿ 900, ಎಸ್‌ಜಿಪಿಟಿ 240, ಬಿಲಿರುಬಿನ್ 0.8 ಬಂದದ. ಇದು ಕಾಮಣಿನೇ ಏನ್ರಿ?
— ಒಬ್ಬ ತಾಯಿ, ಆಳಂದ ತಾಲ್ಲೂಕು

ಉತ್ತರ: ತಾಯಿ, ಇದು ಕಾಮಣಿಯಲ್ಲ. ಪುಟ ಅಚ್ಚಾಗುವವರೆಗೆ ಕಾಯುವ ವಿಷಯವಲ್ಲವಾದ್ದರಿಂದ ಪತ್ರ ಕೈಸೇರಿದ ದಿನವೇ ನಿಮಗೆ ತಿಳಿಸಿದ್ದಾಗಿದೆ. ಇಲ್ಲಿ ಬರೆಯುತ್ತಿರುವುದು ನಿಮ್ಮ ಮಗನಂತೆ ಭರ್ತಿಗೆ ತಯಾರಾಗುತ್ತಿರುವ ಎಲ್ಲ ಹುಡುಗರ ಮನೆಯವರಿಗಾಗಿ.

ಕಾಮಣಿಯಲ್ಲಿ ಮೂತ್ರಕ್ಕೆ ಬಣ್ಣ ಬರುವುದು ಬಿಲಿರುಬಿನ್‌ನಿಂದ. ಅದು 0.8 ಇದ್ದರೆ ಮೂತ್ರ ಕಪ್ಪಾಗಲು ಕಾರಣವೇ ಇಲ್ಲ, ಕಣ್ಣೂ ಹಳದಿಯಾಗುವುದಿಲ್ಲ. ಹಾಗಾದರೆ ಎಸ್‌ಜಿಒಟಿ ಯಾಕೆ ಏರಿತು? ಆ ಕಿಣ್ವ ಯಕೃತ್ತಿನಲ್ಲಿ ಮಾತ್ರ ಇಲ್ಲ, ಸ್ನಾಯುವಿನಲ್ಲೂ ಧಾರಾಳವಾಗಿದೆ. ಸ್ನಾಯು ಒಡೆದಾಗಲೂ ರಿಪೋರ್ಟಿನ ಅದೇ ಸಾಲು ಏರುತ್ತದೆ. ಎಸ್‌ಜಿಒಟಿ ಬಹಳ, ಎಸ್‌ಜಿಪಿಟಿ ಅದಕ್ಕಿಂತ ಕಡಿಮೆ, ಬಿಲಿರುಬಿನ್ ಸರಿ, ಜೊತೆಗೆ ಮೈ ನೋವು: ಇಷ್ಟು ಒಟ್ಟಿಗೆ ಕಂಡರೆ ಒಡೆದ ಸ್ನಾಯುವಿನಿಂದ ರಕ್ತಕ್ಕಿಳಿದ ಕಿಣ್ವವನ್ನು ಅಳೆಯುವ ಸಿಪಿಕೆ ಪರೀಕ್ಷೆ ಮಾಡಿಸಲೇಬೇಕು. ಕೆಲವು ಲ್ಯಾಬ್‌ಗಳು ಇದನ್ನು ಸಿಕೆ ಎಂದು ಬರೆಯುತ್ತವೆ. ನಮ್ಮ ಭಾಗದಲ್ಲಿ ಈ ಕಾಯಿಲೆಯ ಮೊದಲ ಎರಡು ದಿನ, ಅಂದರೆ ಕಿಡ್ನಿ ಉಳಿಸಿಕೊಳ್ಳುವ ದಿನಗಳು, ಕಾಮಣಿ ಔಷಧಿಯಲ್ಲಿ ಅಥವಾ 'ಉಷ್ಣ ಆಗ್ಯಾದ' ಎಂಬ ಮಾತಿನಲ್ಲಿ ಕಳೆದುಹೋಗುತ್ತವೆ. ಇದು ನಮಗೆ ಬಹಳ ನೋವು ಕೊಡುವ ಸಂಗತಿ.

ಸಿಪಿಕೆ ಸಾಮಾನ್ಯವಾಗಿ 200 ಯೂನಿಟ್‌ನೊಳಗೆ ಇರುತ್ತದೆ. ಅದರ ಐದು ಪಟ್ಟು, ಅಂದರೆ 1000 ದಾಟಿದರೆ ಸ್ನಾಯು ಒಡೆದಿದೆ ಎಂದು ಹಿಡಿಯುತ್ತೇವೆ. 5000 ದಾಟಿದರೆ ಕಿಡ್ನಿಗೆ ಅಪಾಯವಿದೆ. ಬೈಠಕ್ ಪ್ರಕರಣಗಳಲ್ಲಿ ಅದು ಹತ್ತಾರು ಸಾವಿರಕ್ಕೂ ಏರುವುದುಂಟು. ಪೆಟ್ಟಾದ 2ರಿಂದ 12 ಗಂಟೆಯೊಳಗೆ ಏರಲು ಶುರುವಾಗಿ, ಒಂದರಿಂದ ಮೂರು ದಿನದಲ್ಲಿ ತುದಿ ಮುಟ್ಟಿ, ಆಮೇಲೆ ದಿನಕ್ಕೆ ಹತ್ತಿರ ಹತ್ತಿರ ಅರ್ಧದಷ್ಟು ಇಳಿಯುತ್ತದೆ. ಹಾಗಾಗಿ ಮೊದಲ ದಿನದ ಸಣ್ಣ ಅಂಕಿ ನೋಡಿ ಸಮಾಧಾನ ಪಡಬೇಡಿ, ಮರುದಿನ ಮತ್ತೆ ಮಾಡಿಸಿ. ನೋವಿಗೆಂದು ಸೊಂಟಕ್ಕೆ ಸೂಜಿ ಹಾಕಿಸಿಕೊಂಡಿದ್ದರೂ ಸಿಪಿಕೆ ಸ್ವಲ್ಪ ಏರುತ್ತದೆ. ಆದರೆ ಸಾವಿರಗಟ್ಟಲೆ ಏರಿದ್ದಕ್ಕೆ ಸೂಜಿಯ ಮೇಲೆ ಹೊಣೆ ಹಾಕಲಾಗದು.

ಬೈಠಕ್ಕೇ ಯಾಕೆ ಇಷ್ಟು ಕೆಡುಕು ಮಾಡುತ್ತದೆ? ಮೇಲೇಳುವಾಗ ತೊಡೆಯ ಸ್ನಾಯು ಕುಗ್ಗಿ ದುಡಿಯುತ್ತದೆ. ಕೆಳಗೆ ಕೂರುವಾಗ ಅದೇ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಹಿಡಿಯಬೇಕು. ಈ ಎರಡನೆಯ ಕೆಲಸದಲ್ಲೇ ನಾರುಗಳು ಹರಿಯುವುದು ಹೆಚ್ಚು. ಜೀವಕೋಶದ ಹೊದಿಕೆ ಹರಿದಾಗ ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಶಕ್ತಿ ಮುಗಿದ ಕೋಶಕ್ಕೆ ಅದನ್ನು ಹೊರಹಾಕಲು ಆಗುವುದಿಲ್ಲ. ಸ್ನಾಯು ಬಿಗಿದುಕೊಂಡೇ ಉಳಿಯುತ್ತದೆ, ಒಳಗಿನ ಕಿಣ್ವಗಳು ತಮ್ಮ ಕೋಶವನ್ನೇ ಜೀರ್ಣಿಸತೊಡಗುತ್ತವೆ. ಆಗ ಮೂರು ವಸ್ತುಗಳು ರಕ್ತಕ್ಕೆ ಸುರಿಯುತ್ತವೆ: ಹೃದಯ ನಿಲ್ಲಿಸಬಲ್ಲ ಪೊಟ್ಯಾಸಿಯಂ, ಕಿಡ್ನಿ ಕೆಡಿಸುವ ಮಯೊಗ್ಲೋಬಿನ್ (ಸ್ನಾಯುವಿನೊಳಗಿನ ಕೆಂಪು ಪ್ರೋಟೀನ್), ರಕ್ತದ ಕ್ಯಾಲ್ಸಿಯಂ ಇಳಿಸುವ ಫಾಸ್ಫೇಟ್. ಮೂತ್ರ ಕಪ್ಪಾಗಿಸುವುದು ಮಯೊಗ್ಲೋಬಿನ್. ಅದೇ ವೇಳೆಗೆ ಊದಿದ ಸ್ನಾಯು ಲೀಟರುಗಟ್ಟಲೆ ನೀರು ಹೀರಿಕೊಳ್ಳುವುದರಿಂದ ಕಿಡ್ನಿಗೆ ರಕ್ತ ಸಾಲದು. ನೀರು ಕಡಿಮೆಯಾಗಿ ಹುಳಿಯಾದ ಮೂತ್ರದಲ್ಲಿ ಮಯೊಗ್ಲೋಬಿನ್ ಗಟ್ಟಿಯಾಗಿ ಕಿಡ್ನಿಯ ಸಣ್ಣ ನಾಳಗಳನ್ನು ಮುಚ್ಚುತ್ತದೆ.

ತಾಲೀಮು ಮಾಡಿದ ಮರುದಿನ ಮೈ ನೋಯುವುದು ಎಲ್ಲರಿಗೂ ಇದ್ದದ್ದೇ. ವ್ಯತ್ಯಾಸ ಹೀಗಿದೆ: ಸಾದಾ ನೋವಿನಲ್ಲಿ ತೊಡೆ ಊದುವುದಿಲ್ಲ, ಗೋಡೆ ಹಿಡಿದಾದರೂ ಕೂತೇಳಬಹುದು, ಮೂತ್ರ ತಿಳಿಯಾಗಿರುತ್ತದೆ. ತೊಡೆ ಬಿಗಿದು ಊದಿದೆ, ಮೊಣಕಾಲು ಮಡಚಲು ಆಗುತ್ತಿಲ್ಲ, ಕಾಲಿನಲ್ಲಿ ಬಲವಿಲ್ಲ, ಮೂತ್ರ ಕಂದು ಬಣ್ಣ ಅಥವಾ ಪ್ರಮಾಣ ಕಡಿಮೆ ಎಂದಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನೋವು, ಬಲಹೀನತೆ, ಕಪ್ಪು ಮೂತ್ರ ಮೂರೂ ಒಟ್ಟಿಗೆ ಬರುವುದು ಕೆಲವರಲ್ಲಿ ಮಾತ್ರ. ಮಯೊಗ್ಲೋಬಿನ್ ಬೇಗ ಬಸಿದುಹೋಗುವುದರಿಂದ ಒಂದು ದಿನದಲ್ಲಿ ಮೂತ್ರ ತಿಳಿಯಾಗಬಹುದು. ಬಣ್ಣ ಹೋಯಿತೆಂದು ಪರೀಕ್ಷೆ ಬಿಡಬೇಡಿ.

ಮನೆಯಲ್ಲಿ ಮಾಡಬಾರದ ಮೂರು ಕೆಲಸ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಯಾಗಲಿ ಸೂಜಿಯಾಗಲಿ ಬೇಡ. ಅವು ಕಿಡ್ನಿಗೆ ಹೋಗುವ ರಕ್ತವನ್ನು ಇನ್ನೂ ಕಡಿಮೆ ಮಾಡುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಎಲೆ ಔಷಧ ನಿಲ್ಲಿಸಿ. ಎಳನೀರು ಕುಡಿಸಬೇಡಿ. ಒಳ್ಳೆಯ ಮನಸ್ಸಿನಿಂದ ಕೊಡುತ್ತಾರೆ, ಆದರೆ ಅದರಲ್ಲಿ ಪೊಟ್ಯಾಸಿಯಂ ತುಂಬಾ ಇದೆ, ಈ ಹೊತ್ತಿನಲ್ಲಿ ಅದೇ ವಿಷ. ದಾರಿಯಲ್ಲಿ ಕುಡಿಯಲು ಸಾದಾ ನೀರು ಸಾಕು.

ಗುಣವಾದ ಮೇಲೆ ಮತ್ತೆ ಮೈದಾನಕ್ಕೆ ಯಾವಾಗ? ಮೂತ್ರ ತಿಳಿಯಾಗಿ, ಕಿಡ್ನಿಯ ಕೆಲಸ ತೋರಿಸುವ ಕ್ರಿಯೇಟಿನಿನ್ ಸರಿಯಾಗಿ, ಸಿಪಿಕೆ 1000ದೊಳಗೆ ಇಳಿದ ಮೇಲೆ ಒಂದು ವಾರ ನಡಿಗೆ ಮಾತ್ರ. ಆಮೇಲೆ ನಿಧಾನ ಓಟ. ನೋವು ಮರಳದಿದ್ದರೆ ದಿನಕ್ಕೆ ಹತ್ತು-ಹದಿನೈದು ಬೈಠಕ್‌ನಿಂದ ಶುರು, ಏರಿಸುವುದು ವಾರಕ್ಕೊಮ್ಮೆ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಕಾಲದಲ್ಲಿ ಮೈ ಬಿಸಿಲಿಗೆ ಒಗ್ಗಲು 10ರಿಂದ 14 ದಿನ ಬೇಕು, ಓಟ ಬೆಳಗಿನ ತಂಪಿನಲ್ಲೇ ಮುಗಿಯಬೇಕು. ಜ್ವರ, ಭೇದಿ ಇದ್ದ ದಿನ, ಉಪವಾಸದ ದಿನ, ರಾತ್ರಿ ಕುಡಿದ ಮರುದಿನ ತಾಲೀಮು ಬೇಡ. ಶಿಕ್ಷೆಯೆಂದು ಶಾಲೆಯಲ್ಲಿ ಮಕ್ಕಳಿಂದ ನೂರಾರು ಬಸ್ಕಿ ಹೊಡೆಸುವುದರಿಂದಲೂ ಇದೇ ಕಾಯಿಲೆ ಬರುತ್ತದೆ, ಶಿಕ್ಷಕರು ದಯವಿಟ್ಟು ಗಮನಿಸಬೇಕು.

ಎರಡನೇ ಸಲ ಹೀಗಾದರೆ, ಅಥವಾ ಸಣ್ಣ ಕೆಲಸಕ್ಕೂ ಮೂತ್ರ ಕಪ್ಪಾದರೆ, ಹುಟ್ಟಿನಿಂದ ಬಂದ ದೋಷ ಹುಡುಕಬೇಕು. ಭಾರ ಎತ್ತಿದ ಮೊದಲ ಕೆಲವೇ ನಿಮಿಷಗಳಲ್ಲಿ ಸ್ನಾಯು ಹಿಡಿದುಕೊಂಡು, ಸ್ವಲ್ಪ ನಿಂತರೆ ಮತ್ತೆ ಬಲ ಬರುವಂತಿದ್ದರೆ ಮ್ಯಾಕಾರ್ಡಲ್ ಕಾಯಿಲೆಯ ಶಂಕೆ. ಬಹಳ ಹೊತ್ತು ನಡೆದ ಮೇಲೆ, ಉಪವಾಸದಲ್ಲಿ, ಜ್ವರದಲ್ಲಿ ಬರುವುದಾದರೆ ಕೊಬ್ಬನ್ನು ಶಕ್ತಿಯಾಗಿಸುವ ಸಿಪಿಟಿ-2 ಕಿಣ್ವದ ಕೊರತೆ ಇರಬಹುದು. ಸಿಕಲ್ ಸೆಲ್ ಗುಣ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ವಂಶದ ದೋಷ) ಇರುವ ಮನೆತನದವರು ಭರ್ತಿ ಓಟಕ್ಕೆ ಮುನ್ನ ವೈದ್ಯರಿಗೆ ಅದನ್ನು ಹೇಳಿಯೇ ಇಳಿಯಬೇಕು.

ಪ್ರಶ್ನೆ: ಬಿಗಿದ ಕಾಲಿಗೆ ಎಣ್ಣೆ ಹಚ್ಚಿ ಗಟ್ಟಿ ತಿಕ್ಕಿದರೆ ಇಳಿಯುವುದಿಲ್ಲವೇ?
— ಓದುಗರು, ಭಾಲ್ಕಿ

ಉತ್ತರ: ಬೇಡ. ಒಡೆದ ಸ್ನಾಯುವನ್ನು ಹಿಸುಕಿದರೆ ಇನ್ನಷ್ಟು ಒಡೆಯುತ್ತದೆ. ಬಿಸಿ ಶಾಖ, ಬಿಗಿ ಪಟ್ಟಿ ಎರಡೂ ಬೇಡ. ಕಾಲನ್ನು ಎದೆಯ ಮಟ್ಟದಲ್ಲಿ ಇಟ್ಟು ಸುಮ್ಮನೆ ಮಲಗಿಸಿ.

ಪ್ರಶ್ನೆ: ನಮ್ಮದು ಪರಸಿ ಕಲ್ಲಿನ ಗಣಿ ಕೆಲಸ. ಹಾಸುಗಲ್ಲು ಜಾರಿ ಒಬ್ಬನ ಎರಡೂ ಕಾಲ ಮೇಲೆ ಬಿದ್ದು, ಕ್ರೇನ್ ಬರುವವರೆಗೆ ನಾಲ್ಕು ತಾಸು ಹಾಗೇ ಇದ್ದ. ಮಾತಾಡುತ್ತಿದ್ದ, ನೀರು ಕೇಳುತ್ತಿದ್ದ. ಕಲ್ಲು ಎತ್ತಿದ ಹತ್ತು ನಿಮಿಷಕ್ಕೆ ಹೋಗಿಬಿಟ್ಟ. ರಕ್ತ ಅಷ್ಟೇನೂ ಹೋಗಿರಲಿಲ್ಲ. ಏನಾಯಿತು? ನಾವು ಏನು ಮಾಡಬೇಕಿತ್ತು?
— ಗಣಿ ಕಾರ್ಮಿಕರು, ಶಹಾಬಾದ

ಉತ್ತರ: ನಿಮ್ಮ ಜೊತೆಗಾರನನ್ನು ಕಳೆದುಕೊಂಡ ದುಃಖದಲ್ಲಿ ನಾವೂ ಇದ್ದೇವೆ. ಕಲ್ಲು ಎತ್ತಿದ್ದು ನಿಮ್ಮ ತಪ್ಪಲ್ಲ. ಪರೀಕ್ಷೆಯಿಲ್ಲದೆ ಖಚಿತವಾಗಿ ಹೇಳಲಾಗದಿದ್ದರೂ ನೀವು ಬರೆದಿರುವುದು ಜಜ್ಜುಗಾಯದ ಸಾವಿನ ಪೂರ್ತಿ ಲಕ್ಷಣ.

ಕಲ್ಲಿನ ಭಾರ ಇರುವಷ್ಟು ಹೊತ್ತು ಕಾಲಿನ ರಕ್ತ ಮೈಗೆ ಬರುವುದಿಲ್ಲ. ಜಜ್ಜಿದ ಸ್ನಾಯುವಿನ ಪೊಟ್ಯಾಸಿಯಂ, ಆಮ್ಲ ಎಲ್ಲ ಅಲ್ಲೇ ಕಟ್ಟಿ ನಿಂತಿರುತ್ತವೆ. ಅದಕ್ಕೇ ಮನುಷ್ಯ ಮಾತಾಡುತ್ತಿರುತ್ತಾನೆ. ಭಾರ ಎತ್ತಿದ ಕೂಡಲೇ ಎರಡು ಆಗುತ್ತವೆ. ನಿಂತಿದ್ದ ಪೊಟ್ಯಾಸಿಯಂ ಒಮ್ಮೆಲೇ ಹೃದಯಕ್ಕೆ ಹೋಗುತ್ತದೆ. ಮೈಯ ರಕ್ತದ ನೀರಿನಂಶ ಜಜ್ಜಿದ ಕಾಲಿಗೆ ಬಸಿದು ಬಿಪಿ ಕುಸಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬು ಬಿದ್ದು ಮನೆಗಳಡಿ ಸಿಕ್ಕವರನ್ನು ನೋಡಿಕೊಂಡ ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು 1941ರಲ್ಲಿ ಇಂಥ ನಾಲ್ವರ ವಿವರ ಪ್ರಕಟಿಸಿದರು. ಅವಶೇಷದಿಂದ ಜೀವಂತ ಹೊರಬಂದವರು ದಿನಗಳ ನಂತರ ಕಿಡ್ನಿ ನಿಂತು ತೀರಿಕೊಂಡದ್ದನ್ನು ಅವರು ಬರೆದಿದ್ದರು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನೆನಪು ನಮ್ಮ ಬೀದರ್, ಕಲಬುರಗಿ ಸೀಮೆಯವರಿಗೆ ಇನ್ನೂ ಇದೆ. ಮಳೆಗಾಲದಲ್ಲಿ ನೆನೆದು ಕುಸಿಯುವ ಮಣ್ಣಿನ ಮಾಳಿಗೆ ಮನೆಗಳಲ್ಲೂ ನಡೆಯುವುದು ಇದೇ. ಹಾಗಾಗಿ ಈ ಉತ್ತರ ಗಣಿಗಷ್ಟೇ ಸೇರಿದ್ದಲ್ಲ.

ಮುಂದೆ ಇಂಥದ್ದಾದರೆ ಕ್ರಮ ಹೀಗಿರಲಿ. ಕಲ್ಲು ಈಗಷ್ಟೇ ಬಿದ್ದಿದೆ, ಎತ್ತುವ ಬಲ ಇದೆ ಎಂದರೆ ತಡಮಾಡದೆ ಎತ್ತಿ. ಎದೆ, ಹೊಟ್ಟೆ, ಕುತ್ತಿಗೆ ಮೇಲೆ ಭಾರವಿದ್ದು ಉಸಿರು ಕಟ್ಟುತ್ತಿದ್ದರೂ ತಕ್ಷಣ ಎತ್ತಬೇಕು. ತಾಸುಗಟ್ಟಲೆ ಕಾಲು ಸಿಕ್ಕಿಕೊಂಡಿದ್ದರೆ ಮಾತ್ರ ಸಲಾಯಿನ್‌ಗೆ ಮೊದಲ ಜಾಗ. 108ಕ್ಕೆ ಕರೆ ಮಾಡುವಾಗ 'ಆಕ್ಸಿಡೆಂಟ್' ಎಂದಷ್ಟೇ ಹೇಳಬೇಡಿ. 'ಕಲ್ಲಿನ ಕೆಳಗೆ ಕಾಲು ಸಿಕ್ಕಿ ಇಷ್ಟು ತಾಸಾಯಿತು, ಎತ್ತುವ ಮುಂಚೆ ಸಲಾಯಿನ್ ಬೇಕು' ಎಂದು ಹೇಳಿ. ಸಿಕ್ಕಿಕೊಂಡಿರುವಾಗಲೇ ಕೈಯ ನರಕ್ಕೆ ನಾರ್ಮಲ್ ಸಲಾಯಿನ್ ಹಚ್ಚಿ, ದೊಡ್ಡವರಿಗೆ ತಾಸಿಗೆ ಒಂದು ಲೀಟರ್, ಅಂದರೆ 500 ಮಿಲಿಯ ಎರಡು ಬಾಟಲಿಯಂತೆ ಹರಿಸಬೇಕು. ಮಕ್ಕಳಿಗೆ ಕಿಲೋ ತೂಕಕ್ಕೆ ತಾಸಿಗೆ 15ರಿಂದ 20 ಮಿಲಿ. ಎರಡು ತಾಸಿನ ಮೇಲೆ ವೇಗ ಅರ್ಧಕ್ಕೆ ಇಳಿಸಬಹುದು. ರಿಂಗರ್ ಲ್ಯಾಕ್ಟೇಟ್‌ನಲ್ಲಿ ಪೊಟ್ಯಾಸಿಯಂ ಇರುವುದರಿಂದ ಇಲ್ಲಿ ಅದು ಬೇಡ. ಹಾಗೆಂದು ಸಲಾಯಿನ್ ಸಿಗಲಿಲ್ಲವೆಂದು ಬಿಡಿಸುವ ಅವಕಾಶವಿದ್ದರೂ ಗಂಟೆಗಟ್ಟಲೆ ಕಾಯುತ್ತ ಕೂರುವುದೂ ತಪ್ಪು, ಒಳಗೆ ಇದ್ದಷ್ಟೂ ಸ್ನಾಯು ಸಾಯುತ್ತದೆ. ಹೊಟ್ಟೆಗೆ ಪೆಟ್ಟಿಲ್ಲ, ಪೂರ್ತಿ ಎಚ್ಚರವಿದೆ, ವಾಂತಿಯಿಲ್ಲ ಎಂದಾದರೆ ಗುಟುಕು ಗುಟುಕಾಗಿ ನೀರು ಕೊಡಬಹುದು. ತೊಡೆಗೆ ಹಗ್ಗ, ರುಮಾಲು ಬಿಗಿಯುವುದು ರಕ್ತ ಚಿಮ್ಮಿ ಜೀವಕ್ಕೆ ಕುತ್ತು ಬಂದಾಗ ಮಾತ್ರ. 'ವಿಷ ಮೇಲೇರದಿರಲಿ' ಎಂದು ಬಿಗಿಯಬಾರದು.

ಬಿಡಿಸಿದ ಮೇಲೆ ಹಾಸಿಗೆಯಲ್ಲೇ ಇಸಿಜಿ ಆಗಬೇಕು. ಪೊಟ್ಯಾಸಿಯಂ ರಿಪೋರ್ಟ್ ಬರುವ ಮೊದಲೇ ಅದು ಸುಳಿವು ಕೊಡುತ್ತದೆ. ಕಾಲಿನ ಕಡೆಗೂ ಕಣ್ಣಿಡಬೇಕು. ಊದಿದ ಸ್ನಾಯುವಿನ ಸುತ್ತ ಹಿಗ್ಗದ ಪೊರೆಯಿದೆ, ಒಳಗಿನ ಒತ್ತಡ 30 ಎಂಎಂ ಪಾದರಸ ದಾಟಿದರೆ ರಕ್ತದ ಹರಿವೇ ನಿಲ್ಲುತ್ತದೆ. ಮೊದಲ ಗುರುತು ಗಾಯಕ್ಕೆ ಮೀರಿದ ನೋವು. ಕಾಲ್ಬೆರಳನ್ನು ನೀವು ಮೆಲ್ಲಗೆ ಮೇಲಕ್ಕೆ ಬಗ್ಗಿಸಿದರೆ ಚೀರುತ್ತಾನೆ. ಆಮೇಲೆ ಜೋಮು, ಬಲಹೀನತೆ. ಪಾದದ ನಾಡಿ ಸಿಗುತ್ತಿದೆ ಎಂದು ನಿಶ್ಚಿಂತರಾಗಬೇಡಿ, ಅದು ಕೊನೆಗೆ ಹೋಗುವಂಥದ್ದು. ಆರು ತಾಸಿನೊಳಗೆ ಶಸ್ತ್ರವೈದ್ಯರು ಪೊರೆ ಸೀಳಿ ಒತ್ತಡ ಇಳಿಸಿದರೆ ಕಾಲು ಉಳಿಯುವ ಸಾಧ್ಯತೆ ಹೆಚ್ಚು. ಸ್ನಾಯು ಪೂರ್ತಿ ಸತ್ತ ಮೇಲೆ ಸೀಳಿದರೆ ಸೋಂಕಷ್ಟೇ ಸೇರುತ್ತದೆ. ಹಾಗಾಗಿ ಯಾವಾಗ ಸೀಳಬೇಕು ಎಂಬುದನ್ನು ನೋಡಿದವರೇ ನಿರ್ಧರಿಸಬೇಕು.

ಗಣಿ ಮಾಲೀಕರಿಗೆ ಒಂದು ಮಾತು: ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಟಿಂಚರ್, ಹತ್ತಿ ಇದ್ದರೆ ಸಾಲದು. ಅವಧಿ ಮುಗಿಯದ ನಾರ್ಮಲ್ ಸಲಾಯಿನ್ ಆರು ಬಾಟಲಿ, ಡ್ರಿಪ್ ಸೆಟ್, 16 ಮತ್ತು 18 ಅಳತೆಯ ಸೂಜಿಗಳು ಇರಲಿ. ಅದನ್ನು ಹಚ್ಚಬಲ್ಲ ತರಬೇತಾದ ಒಬ್ಬರು ಪಾಳಿಯಲ್ಲಿರಲಿ.

ಪ್ರಶ್ನೆ: ನಮ್ಮ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಇಲ್ಲ. ಮೂತ್ರದ ಪಟ್ಟಿಯಲ್ಲಿ ರಕ್ತ ಮೂರು ಪ್ಲಸ್ ತೋರಿಸುತ್ತದೆ, ಸೂಕ್ಷ್ಮದರ್ಶಕದಲ್ಲಿ ಕೆಂಪುಕಣವೇ ಇಲ್ಲ. ಇಂಥವರಿಗೆ ಸಲಾಯಿನ್ ಎಷ್ಟು, ಎಲ್ಲಿಯವರೆಗೆ? ಸೋಡಾಬೈಕಾರ್ಬ್, ಮ್ಯಾನಿಟಾಲ್, ಫ್ರುಸೆಮೈಡ್ ಕೊಡಬೇಕೇ? ಯಾವ ಹಂತದಲ್ಲಿ ಕಳಿಸಬೇಕು?
— ಶುಶ್ರೂಷಾಧಿಕಾರಿ, ಸುರಪುರ ತಾಲ್ಲೂಕು

ಉತ್ತರ: ನಿಮ್ಮ ಗಮನಕ್ಕೆ ಮೆಚ್ಚುಗೆ. ಪಟ್ಟಿ ಗುರುತಿಸುವುದು ಹೀಮ್ ಅಂಶವನ್ನು. ಅದು ರಕ್ತಕಣದಲ್ಲೂ ಇದೆ, ಮಯೊಗ್ಲೋಬಿನ್‌ನಲ್ಲೂ ಇದೆ. ಪಟ್ಟಿ ಪಾಸಿಟಿವ್, ಕಣ ಇಲ್ಲ ಎಂದರೆ ಒಂದೋ ಮಯೊಗ್ಲೋಬಿನ್, ಇಲ್ಲವೇ ರಕ್ತಕಣ ಮೈಯೊಳಗೇ ಒಡೆದಿರುವುದು. ರಕ್ತದ ಟ್ಯೂಬನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಮೇಲಿನ ನೀರು ನೋಡಿ: ಕೆಂಪಾಗಿದ್ದರೆ ಕಣ ಒಡೆದಿದೆ, ತಿಳಿಯಾಗಿದ್ದರೆ ಸ್ನಾಯು. ಸಿಪಿಕೆ ಕಳಿಸಿ, ಆದರೆ ಅದಕ್ಕಾಗಿ ಕಾಯದೆ ಸಲಾಯಿನ್ ಶುರು ಮಾಡಿ.

ಹಸಿರು ಬಣ್ಣದ 18 ನಂಬರಿನ ಸೂಜಿ ಎರಡೂ ಕೈಗೆ ಹಾಕಿ. ಅದಕ್ಕಿಂತ ಸಣ್ಣ ಗುಲಾಬಿ ಸೂಜಿಯಿಂದ ಈ ವೇಗ ದಕ್ಕುವುದಿಲ್ಲ. ಮೊದಲ ತಾಸು ಒಂದು ಲೀಟರ್, ಆಮೇಲೆ ತಾಸಿಗೆ 400ರಿಂದ 500 ಮಿಲಿ. ಎಂಎಲ್‌ಗೆ 20 ಹನಿಯ ಸೆಟ್‌ನಲ್ಲಿ 500 ಎಂದರೆ ನಿಮಿಷಕ್ಕೆ ಸುಮಾರು 167 ಹನಿ, ಎಣಿಸಲು ಆಗದು. ಬಾಟಲಿಗೆ ಟೇಪ್ ಅಂಟಿಸಿ ಗಂಟೆ ಬರೆಯಿರಿ. ಕ್ಯಾಥೆಟರ್ ಹಾಕಿ ತಾಸಿಗೊಮ್ಮೆ ಮೂತ್ರ ಅಳೆಯಿರಿ. ಗುರಿ ತಾಸಿಗೆ 200ರಿಂದ 300 ಮಿಲಿ. ನಿಜವಾದ ಔಷಧಿ ಬಾಟಲಿಯಲ್ಲ, ಈ ಅಳತೆ. ಮೂತ್ರ ಹೆಚ್ಚಿದ್ದರೆ ವೇಗ ಇಳಿಸಿ. ಮೂರು ಲೀಟರ್ ಹೋದರೂ ಮೂತ್ರ ಬಾರದಿದ್ದರೆ ಮತ್ತೆ ಸುರಿಯಬೇಡಿ. ಕ್ಯಾಥೆಟರ್ ಕಟ್ಟಿಕೊಂಡಿದೆಯೇ ನೋಡಿ, ಶ್ವಾಸಕೋಶದ ತಳಭಾಗ ಆಲಿಸಿ, ಆಕ್ಸಿಜನ್ ಮಟ್ಟ ನೋಡಿ, ಡಯಾಲಿಸಿಸ್ ಇರುವಲ್ಲಿಗೆ ಕಳಿಸಿ. ಇಲ್ಲಿ ಆಗುವ ದೊಡ್ಡ ತಪ್ಪು ಎರಡು: ಆರಂಭದಲ್ಲಿ ಹೆದರಿ ದಿನಕ್ಕೆ ಎರಡು ಬಾಟಲಿ ಕೊಡುವುದು, ಕಿಡ್ನಿ ನಿಂತ ಮೇಲೆ ಹಟಕ್ಕೆ ಬಿದ್ದು ಹತ್ತು ಬಾಟಲಿ ಕೊಡುವುದು. ವಯಸ್ಸಾದವರು, ಹೃದಯ ದುರ್ಬಲ ಇರುವವರಿಗೆ 250 ಮಿಲಿಯ ಕಂತುಗಳಲ್ಲಿ, ಪ್ರತಿ ಕಂತಿಗೂ ಎದೆ ಆಲಿಸುತ್ತ ಹೋಗಬೇಕು.

ಸೋಡಾಬೈಕಾರ್ಬ್, ಮ್ಯಾನಿಟಾಲ್ ಎರಡೂ ಹಳೆಯ ಪಾಠ. ಬರೀ ಸಲಾಯಿನ್‌ಗಿಂತ ಅವು ಮೇಲು ಎಂಬುದು ಸಾಬೀತಾಗಿಲ್ಲ. ರಕ್ತ ಬಹಳ ಹುಳಿಯಾಗಿದ್ದರೆ ವೈದ್ಯರು ಬೈಕಾರ್ಬ್ ಕೊಟ್ಟಾರು, ಆದರೆ ಅದು ಕ್ಯಾಲ್ಸಿಯಂ ಇನ್ನೂ ಇಳಿಸಿ ಕೈ ಬೆರಳು ಸೆಟೆಯುವಂತೆ ಮಾಡಬಲ್ಲದು. ಮೂತ್ರವಿಲ್ಲದವರಿಗೆ ಮ್ಯಾನಿಟಾಲ್ ಕೂಡದು. ಫ್ರುಸೆಮೈಡ್ ಮೈಯಲ್ಲಿ ನೀರು ಹೆಚ್ಚಾದಾಗ ಮಾತ್ರ.

ಪೊಟ್ಯಾಸಿಯಂನ್ನು ಮೊದಲ ದಿನ 4ರಿಂದ 6 ತಾಸಿಗೊಮ್ಮೆ ನೋಡಬೇಕು. ಲ್ಯಾಬಿನವರು 'ಸ್ಯಾಂಪಲ್ ಕೆಟ್ಟಿದೆ, ಅದಕ್ಕೆ ಹೆಚ್ಚು ಬಂದಿದೆ' ಎನ್ನುವುದುಂಟು. ಬೇರೆ ಕಾಯಿಲೆಯಲ್ಲಿ ಒಪ್ಪಬಹುದು. ಇಲ್ಲಿ ಇಸಿಜಿ ತೆಗೆಯದೆ ಒಪ್ಪಬೇಡಿ. ಟಿ ಅಲೆ ಗುಡಾರದಂತೆ ಚೂಪಾಗಿ ಎದ್ದಿದ್ದರೆ, ಕ್ಯೂಆರ್‌ಎಸ್ ಅಗಲವಾಗಿದ್ದರೆ ವೈದ್ಯರ ಆದೇಶದಂತೆ ಶೇ 10ರ ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿಲಿ ಐದು ನಿಮಿಷದಲ್ಲಿ ನಿಧಾನವಾಗಿ, ಮಾನಿಟರ್ ನೋಡುತ್ತ ಕೊಡಬೇಕು. ಐದು ನಿಮಿಷದಲ್ಲಿ ಅಲೆ ಬದಲಾಗದಿದ್ದರೆ ಮತ್ತೊಮ್ಮೆ. ಬೈಕಾರ್ಬ್ ಹೋಗುತ್ತಿರುವ ನಳಿಕೆಯಲ್ಲೇ ಕೊಟ್ಟರೆ ಸುಣ್ಣದಂತೆ ಗಟ್ಟಿಯಾಗುತ್ತದೆ, ಬೇರೆ ಕೈಗೆ ಕೊಡಿ. ಕ್ಯಾಲ್ಸಿಯಂ ಹೃದಯವನ್ನು ಕಾಯುತ್ತದೆಯೇ ಹೊರತು ಪೊಟ್ಯಾಸಿಯಂ ಇಳಿಸುವುದಿಲ್ಲ. ಇಳಿಸಲು ರೆಗ್ಯುಲರ್ ಇನ್ಸುಲಿನ್ 10 ಯೂನಿಟ್, ಜೊತೆಗೆ ಶೇ 25ರ ಡೆಕ್ಸ್‌ಟ್ರೋಸ್ 100 ಮಿಲಿ, ಆಮೇಲೆ ತಾಸಿಗೊಮ್ಮೆ ಸಕ್ಕರೆ ಪರೀಕ್ಷೆ ಆರು ತಾಸು. ಸಾಲ್ಬುಟಮಾಲ್ 10 ಮಿಗ್ರಾಂ ನೆಬ್ಯುಲೈಸರ್‌ನಲ್ಲಿ. ಇವೆಲ್ಲ ಕೆಲವು ತಾಸಿನ ನೆಮ್ಮದಿ, ಅಷ್ಟರೊಳಗೆ ರೋಗಿ ಡಯಾಲಿಸಿಸ್ ಯಂತ್ರದ ಹತ್ತಿರ ಇರಬೇಕು. ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದೆ ಎಂಬ ಒಂದೇ ಕಾರಣಕ್ಕೆ ಕ್ಯಾಲ್ಸಿಯಂ ಕೊಡಬೇಡಿ. ಸ್ನಾಯುವಿಗೆ ಇಳಿದದ್ದು ಚೇತರಿಕೆಯ ದಿನಗಳಲ್ಲಿ ತಾನೇ ಹಿಂದಿರುಗಿ, ಆಗ ವಿಪರೀತ ಏರುತ್ತದೆ.

ಪೊಟ್ಯಾಸಿಯಂ 6.5 ದಾಟಿ ಇಳಿಯದಿದ್ದರೆ, ಮೂತ್ರ ನಿಂತರೆ, ಶ್ವಾಸಕೋಶಕ್ಕೆ ನೀರು ತುಂಬಿದರೆ, ಆಮ್ಲತೆ ಹತೋಟಿಗೆ ಬಾರದಿದ್ದರೆ ಡಯಾಲಿಸಿಸ್. ಯಾದಗಿರಿಯ ಯಿಮ್ಸ್‌ಗೋ ಕಲಬುರಗಿಯ ಜಿಮ್ಸ್‌ಗೋ ಕಳಿಸುವ ಮುಂಚೆ ಕರೆ ಮಾಡಿ ಹಾಸಿಗೆ ಖಚಿತ ಮಾಡಿಕೊಳ್ಳಿ. ಚೀಟಿಯಲ್ಲಿ ಸಲಾಯಿನ್ ಶುರುವಾದ ವೇಳೆ, ಒಟ್ಟು ಹೋದದ್ದು, ಒಟ್ಟು ಬಂದ ಮೂತ್ರ, ಕೊನೆಯ ಇಸಿಜಿ ನಾಲ್ಕೂ ಇರಲಿ. ಕಳಿಸುವ ಅಗತ್ಯವಿಲ್ಲದವರಿಗೆ ಸಿಪಿಕೆ 5000ದ ಕೆಳಗೆ ಇಳಿದು ಇನ್ನೂ ಇಳಿಯುತ್ತಿದೆ ಎನ್ನುವವರೆಗೆ ಸಲಾಯಿನ್ ಮುಂದುವರಿಯಲಿ.

ಪ್ರಶ್ನೆ: ನನಗೆ 64. ಸಕ್ಕರೆ ಕಾಯಿಲೆ, ಸ್ಟೆಂಟ್ ಆಗಿದೆ. ಅಟೋರ್ವಾಸ್ಟಾಟಿನ್ 40 ಆರು ವರ್ಷದಿಂದ ತಗೊಳ್ತೇನೆ, ಏನೂ ತೊಂದರೆ ಇರಲಿಲ್ಲ. ಕಫಕ್ಕೆ ಕ್ಲಾರಿಥ್ರೊಮೈಸಿನ್ ಕೊಟ್ಟ ಐದನೇ ದಿನಕ್ಕೆ ಎರಡೂ ತೊಡೆ, ಭುಜ ನೋವು, ಮೆಟ್ಟಿಲು ಹತ್ತಲಾಗಲಿಲ್ಲ. ಕೊಲೆಸ್ಟ್ರಾಲ್ ಮಾತ್ರೆ ಸ್ನಾಯು ತಿನ್ನುತ್ತದೆ ಎಂದು ಓದಿದೆ. ಬಿಟ್ಟುಬಿಡಲೇ?
— ನಿವೃತ್ತ ನೌಕರರು, ಬಸವಕಲ್ಯಾಣ

ಉತ್ತರ: ಹಿರಿಯರೇ, ಇವತ್ತಿನ ಡೋಸ್ ತಡೆದು ಸಿಪಿಕೆ, ಕ್ರಿಯೇಟಿನಿನ್ ಮಾಡಿಸಿ ಇವತ್ತೇ ವೈದ್ಯರನ್ನು ಕಾಣಿರಿ. ಆದರೆ ಶಾಶ್ವತವಾಗಿ ನೀವಾಗಿಯೇ ಬಿಡಬೇಡಿ, ಸ್ಟೆಂಟ್ ಆದವರಿಗೆ ಈ ಮಾತ್ರೆ ಜೀವರಕ್ಷಕ.

ನಿಮ್ಮಲ್ಲಿ ತಪ್ಪಿದ್ದು ಜೋಡಿ. ಅಟೋರ್ವಾಸ್ಟಾಟಿನ್‌ನ್ನು ಯಕೃತ್ತಿನ ಒಂದು ಕಿಣ್ವ ಒಡೆದು ಹೊರಹಾಕುತ್ತದೆ. ಕ್ಲಾರಿಥ್ರೊಮೈಸಿನ್ ಅದೇ ಕಿಣ್ವವನ್ನು ತಡೆಯುತ್ತದೆ. ತಿನ್ನುವುದು 40, ರಕ್ತದಲ್ಲಿ ನಿಲ್ಲುವುದು ಅದರ ಎಷ್ಟೋ ಪಟ್ಟು. ಗಜಕರ್ಣಕ್ಕೆ ಕೊಡುವ ಇಟ್ರಾಕೊನಜೋಲ್‌ದೂ ಇದೇ ಕಥೆ, ನಮ್ಮ ಬಿಸಿಲ ನಾಡಿನಲ್ಲಿ ಅದನ್ನು ವಾರಗಟ್ಟಲೆ ಬರೆಯುವುದುಂಟು. ಜೆಮ್‌ಫೈಬ್ರೋಜಿಲ್, ಸೈಕ್ಲೋಸ್ಪೊರಿನ್ ಜೊತೆಗೂ ಎಚ್ಚರ ಬೇಕು. ಕಫಕ್ಕೆ ಅಜಿಥ್ರೊಮೈಸಿನ್ ಈ ಕಿಣ್ವವನ್ನು ಅಷ್ಟು ತಡೆಯುವುದಿಲ್ಲ. ಸ್ಟಾಟಿನ್‌ನಿಂದ ಮಾತ್ರವೇ ಸ್ನಾಯು ಗಂಭೀರವಾಗಿ ಒಡೆಯುವುದು ಬಹಳ ಅಪರೂಪ. ಅದನ್ನು ಹೆಚ್ಚಾಗಿ ಮಾಡುತ್ತಿದ್ದ ಸೆರಿವಾಸ್ಟಾಟಿನ್ 2001ರಲ್ಲೇ ಮಾರುಕಟ್ಟೆಯಿಂದ ಹೋಯಿತು.

ಚೇತರಿಸಿಕೊಂಡ ಮೇಲೆ ಥೈರಾಯಿಡ್ ಪರೀಕ್ಷೆ ಮಾಡಿಸಿ, ಅದು ಕುಗ್ಗಿದ್ದರೆ ಸ್ನಾಯು ಬೇಗ ಒಡೆಯುತ್ತದೆ. ಆಮೇಲೆ ವೈದ್ಯರು ಬೇರೆ ದಾರಿಯಿಂದ ಹೊರಹೋಗುವ ರೊಸುವಾಸ್ಟಾಟಿನ್‌ನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಬಹುದು. ನೀವು ತಗೊಳ್ಳುವ ಎಲ್ಲ ಮಾತ್ರೆಗಳ ಹೆಸರು ಒಂದು ಚೀಟಿಯಲ್ಲಿ ಬರೆದು ಕಿಸೆಯಲ್ಲಿಡಿ, ಕೆಮ್ಮಿಗೆ ಹೋದರೂ ತೋರಿಸಿ.

ಪ್ರಶ್ನೆ: ಜಾತ್ರೆ ದಿನ ಕುಡಿದು ಬಲಗೈ ಮೇಲೆ ಮಲಗಿ ಮರುದಿನ ಮಧ್ಯಾಹ್ನ ಎದ್ದವನಿಗೆ ಕೈ ಊದಿ ಸ್ವಾಧೀನವಿಲ್ಲ. ಲಕ್ವವೇ?
— ಓದುಗರು, ಜೇವರ್ಗಿ

ಉತ್ತರ: ಕೈ ಊದಿದೆ ಎಂದಿದ್ದೀರಿ, ಲಕ್ವದಲ್ಲಿ ಎದ್ದ ಕೂಡಲೇ ಊತ ಇರುವುದಿಲ್ಲ. ಹತ್ತಾರು ತಾಸು ಮೈಭಾರ ಬಿದ್ದು ಸ್ನಾಯು, ನರ ಎರಡೂ ನಲುಗಿವೆ. ಗಣಿಯ ಕಲ್ಲು ಮಾಡಿದ ಕೆಲಸವನ್ನೇ ಇಲ್ಲಿ ಸ್ವಂತ ದೇಹ ಮಾಡಿದೆ. ಲಕ್ವದ ಔಷಧಕ್ಕೆ ಊರೂರು ಅಲೆಯದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಸಿಪಿಕೆ, ಪೊಟ್ಯಾಸಿಯಂ ಜೊತೆಗೆ ಕೈಯ ಒತ್ತಡವನ್ನೂ ನೋಡಬೇಕು. ಹಾವು ಕಚ್ಚಿ, ಫಿಟ್ಸ್ ಬಂದು, ಸಕ್ಕರೆ ಇಳಿದು ಪ್ರಜ್ಞೆಯಿಲ್ಲದೆ ಬಿದ್ದಿದ್ದವರಿಗೂ ಇದು ಅನ್ವಯ.

ಪ್ರಶ್ನೆ: ತಲೆಗೂದಲಿನ ಕಪ್ಪು ಬಣ್ಣ ಕುಡಿದವರು ಮೊದಲು ಚೆನ್ನಾಗಿಯೇ ಇರುತ್ತಾರೆ, ಆಮೇಲೆ ಕುತ್ತಿಗೆ ಊದಿ ಮೂತ್ರ ಕಪ್ಪಾಗುತ್ತದೆ. ನಮ್ಮ ಕೈಲಿ ಏನು ಮಾಡಬಹುದು?
— ಆಶಾ ಕಾರ್ಯಕರ್ತೆ, ಚಿತ್ತಾಪುರ ತಾಲ್ಲೂಕು

ಉತ್ತರ: 'ಚೆನ್ನಾಗಿದ್ದಾರೆ' ಎನ್ನುವ ಆ ಮೊದಲ ತಾಸುಗಳೇ ನಿಮ್ಮ ಸಮಯ, ತಂಗಿ. ಬಣ್ಣದಲ್ಲಿರುವ ಪ್ಯಾರಾಫಿನೈಲಿನ್‌ಡಯಮೈನ್ ಮೊದಲು ಮುಖ, ನಾಲಿಗೆ, ಗಂಟಲು ಊದಿಸಿ ಉಸಿರ ದಾರಿ ಮುಚ್ಚುತ್ತದೆ. ಆಮೇಲೆ ಮೈಯ ಸ್ನಾಯುವನ್ನೆಲ್ಲ ಒಡೆಯುತ್ತದೆ, ಹೃದಯದ ಸ್ನಾಯುವನ್ನೂ ಬಿಡುವುದಿಲ್ಲ. ಅದರ ಹಿಂದೆಯೇ ಕಿಡ್ನಿ. ಪ್ರತಿವಿಷ ಇಲ್ಲ. ಆದರೆ ಉಸಿರಿಗೆ ಸಕಾಲದಲ್ಲಿ ಗಂಟಲಲ್ಲಿ ದಾರಿ ಮಾಡಿ, ಸಲಾಯಿನ್ ಸರಿಯಾಗಿ ಕೊಟ್ಟು, ಬೇಕಾದರೆ ಡಯಾಲಿಸಿಸ್ ಮಾಡಿದರೆ ಬಹಳ ಜನ ಬದುಕುತ್ತಾರೆ. ವಾಂತಿ ಮಾಡಿಸಬೇಡಿ. ಉಪ್ಪುನೀರು, ಸಗಣಿ ನೀರು ಬೇಡ. ಕೂರಿಸಿಕೊಂಡು ಒಯ್ಯಿರಿ, ಪೊಟ್ಟಣ ಜೊತೆಗೆ ತನ್ನಿ. ಅರಿವಳಿಕೆ ಮತ್ತು ಕಿವಿ-ಮೂಗು-ಗಂಟಲು ವೈದ್ಯರಿಬ್ಬರೂ ಇರುವ ಆಸ್ಪತ್ರೆಯೇ ಆಗಬೇಕು.

ಆ ವ್ಯಕ್ತಿಯನ್ನು ಬೈಯದಂತೆ ಮನೆಯವರಿಗೆ ಹೇಳಿ. ಗುಣವಾಗಿ ಬಂದ ಮೇಲಿನ ವಾರಗಳಲ್ಲಿ ಒಬ್ಬರನ್ನೇ ಬಿಡಬೇಡಿ. ಮನಸ್ಸು ಕುಸಿದ ಯಾರೇ ಆಗಲಿ, ಅವರ ಮನೆಯವರೇ ಆಗಲಿ, ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಅಣ್ಣನಿಗೆ ಈ ಕಾಯಿಲೆಯಲ್ಲಿ ಡಯಾಲಿಸಿಸ್ ಶುರುವಾಗಿದೆ. ಒಮ್ಮೆ ಹಚ್ಚಿದರೆ ಜೀವನ ಪೂರ್ತಿ ಎಂದು ಊರಲ್ಲಿ ಹೆದರಿಸುತ್ತಿದ್ದಾರೆ, ಮನೆಯವರು ನಿಲ್ಲಿಸೋಣ ಎನ್ನುತ್ತಿದ್ದಾರೆ.
— ತಮ್ಮ, ಹುಮನಾಬಾದ್

ಉತ್ತರ: ನಿಲ್ಲಿಸಬೇಡಿ. ಆ ಮಾತು ವರ್ಷಗಟ್ಟಲೆ ಸಕ್ಕರೆ, ಬಿಪಿಯಿಂದ ಸವೆದ ಕಿಡ್ನಿಗೆ ಸೇರಿದ್ದು. ಇಲ್ಲಿ ಮೊದಲು ಚೆನ್ನಾಗಿದ್ದ ಕಿಡ್ನಿಗೆ ಒಮ್ಮೆಲೇ ಪೆಟ್ಟು ಬಿದ್ದಿದೆ. ಕಟ್ಟಿದ ನಾಳಗಳ ಒಳಪದರ ಮತ್ತೆ ಬೆಳೆಯುತ್ತದೆ, ಅಲ್ಲಿಯವರೆಗೆ ಯಂತ್ರ ಕೆಲಸ ನಡೆಸಿಕೊಡುತ್ತದೆ. ಬಹುತೇಕರಿಗೆ ಕೆಲವು ವಾರಗಳಲ್ಲಿ, ಕೆಲವರಿಗೆ ಮೂರು ತಿಂಗಳವರೆಗೆ ತಗುಲಿ, ಡಯಾಲಿಸಿಸ್ ಬಿಡುತ್ತದೆ.

ದಿನದ ಮೂತ್ರವನ್ನು ಅಳೆದು ಬರೆದಿಡಿ. 300 ಮಿಲಿ ಇದ್ದದ್ದು 800, 1500 ಎಂದು ಏರುತ್ತಿದ್ದರೆ ಕಿಡ್ನಿ ಏಳುತ್ತಿದೆ. ಆ ಹಂತದಲ್ಲಿ ಮೂತ್ರ ದಿನಕ್ಕೆ ಮೂರು-ನಾಲ್ಕು ಲೀಟರ್ ಹೋಗಬಹುದು. ಆಗ 'ನೀರು ಕಡಿಮೆ ಕುಡಿ' ಎಂಬ ಹಳೆಯ ಪಥ್ಯವನ್ನೇ ಹಿಡಿದು ಕೂತರೆ ಕಿಡ್ನಿ ಮತ್ತೆ ಒಣಗುತ್ತದೆ, ಪಥ್ಯ ಬದಲಿಸಲು ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಬಾಳೆಹಣ್ಣು, ಎಳನೀರು, ಟೊಮ್ಯಾಟೊ ಸಾರು ಬೇಡ. ಬೇಳೆ ನೀರು ಬಸಿದ ತೊಗರಿಬೇಳೆ ಸ್ವಲ್ಪ, ಜೋಳದ ರೊಟ್ಟಿ ಒಂದು, ಉಳಿದದ್ದು ಅನ್ನ, ಹೀಗೆ ಪೊಟ್ಯಾಸಿಯಂ, ಫಾಸ್ಫೇಟ್ ಎರಡೂ ಹಿಡಿತದಲ್ಲಿರುವ ಊಟವನ್ನು ಅಲ್ಲಿನ ಆಹಾರ ತಜ್ಞರಿಂದ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡ್ ಮತ್ತು ಆಧಾರ್ ಒಯ್ದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕೌಂಟರಿನಲ್ಲಿ ವಿಚಾರಿಸಿ. ಬಿಡುಗಡೆಯಾದ ಮೇಲೆ ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಮೂರನೇ ತಿಂಗಳಿಗೆ ಕ್ರಿಯೇಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ. ಚೇತರಿಕೆಯ ದಿನಗಳಲ್ಲಿ ರಕ್ತದ ಕ್ಯಾಲ್ಸಿಯಂನ್ನೂ ಒಮ್ಮೆ ನೋಡಿಸಿ.